ಚಿಂಚಿಲಾ ಅಂಗಡಿಯಲ್ಲಿ ಮಾರಾಟಕ್ಕೆ ಇರಬೇಕೇ? ಸಾಕುಪ್ರಾಣಿ ವ್ಯಾಪಾರದ ಕಾನೂನು ಮತ್ತು ವಾಸ್ತವ

ನಾಯಿಮರಿ, ಲವ್‌ಬರ್ಡ್ಸ್ ಮತ್ತು ಬಣ್ಣದ ಮೀನುಗಳಷ್ಟೇ ಇರುತ್ತಿದ್ದ ಸಾಕುಪ್ರಾಣಿ ವ್ಯಾಪಾರಕ್ಕೆ ಈಚಿನ ವರ್ಷಗಳಲ್ಲಿ ಹ್ಯಾಮ್‌ಸ್ಟರ್, ಶುಗರ್ ಗ್ಲೈಡರ್, ಇಗುವಾನ, ಬಾಲ್ ಪೈಥಾನ್, ಚಿಂಚಿಲಾದಂಥ ಹೊರದೇಶದ ಪ್ರಾಣಿಗಳೂ ಸೇರಿಕೊಂಡಿವೆ. ಮೊಬೈಲ್‌ನಲ್ಲಿ ಅರ್ಧ ನಿಮಿಷದ ವೀಡಿಯೊ ನೋಡಿದ ಮಗು ಅದೇ ಪ್ರಾಣಿ ಬೇಕೆಂದು ಹಟ ಹಿಡಿದಾಗ, ತಂದೆತಾಯಿ ಮೊದಲು ಕೇಳುವುದು ಅದನ್ನು ಸಾಕಲು ಕಾನೂನಿನಲ್ಲಿ ಅವಕಾಶವಿದೆಯೇ ಎಂದು. ಚಿಂಚಿಲಾದ ಮಟ್ಟಿಗೆ ಇದಕ್ಕೆ ಉತ್ತರ ಬಹುಪಾಲು ‘ಇದೆ’ ಎಂದೇ ಆಗುತ್ತದೆ. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ, ಪ್ರಾಣಿಯ ದೇಹ ಕೇಳುವ ಪ್ರಶ್ನೆ ಬೇರೆ. ಇಂಥ ಪ್ರಾಣಿಗಳ ಮಾರಾಟಕ್ಕೆ ಅನುಮತಿ ಇರಬೇಕೇ ಎಂಬ ಚರ್ಚೆ ಜಗತ್ತಿನ ಹಲವೆಡೆ ನಡೆಯುತ್ತಿರುವುದು ಈ ಎರಡರ ನಡುವಿನ ಅಂತರದಿಂದಾಗಿಯೇ.

ಚಿಂಚಿಲಾ ಯಾವ ಪ್ರಾಣಿ?

ಚಿಂಚಿಲಾ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ದಂಶಕ, ಅಂದರೆ ಇಲಿ, ಅಳಿಲುಗಳಂತೆ ಕಡಿದು ತಿನ್ನುವ ಪ್ರಾಣಿಗಳ ಗುಂಪಿಗೆ ಸೇರಿದ್ದು. ಇದರಲ್ಲಿ ಎರಡು ಪ್ರಭೇದಗಳಿವೆ. ಉದ್ದ ಬಾಲದ ಚಿಂಚಿಲಾ ಚಿಲಿ ದೇಶದ್ದು. ಗಿಡ್ಡ ಬಾಲದ್ದು ಚಿಲಿ, ಬೊಲಿವಿಯಾ, ಅರ್ಜೆಂಟೀನಾ ಮತ್ತು ಪೆರು ದೇಶಗಳ ಎತ್ತರದ ಪ್ರದೇಶಗಳಲ್ಲಿ ಬದುಕುತ್ತಿದ್ದ ಪ್ರಾಣಿ. ಮನೆಗಳಲ್ಲಿ ಸಾಕುವುದು ಮುಖ್ಯವಾಗಿ ಉದ್ದ ಬಾಲದ ಪ್ರಭೇದದಿಂದ ಬಂದ ತಳಿಯನ್ನು. ಅರ್ಧ ಕಿಲೋ ಆಸುಪಾಸು ತೂಗುವ, ದುಂಡಗಿನ ದೊಡ್ಡ ಕಿವಿಗಳ, ಮುಸ್ಸಂಜೆಯ ನಂತರ ಚುರುಕಾಗುವ ಈ ಪ್ರಾಣಿ ಒಣ ಹವೆಯ ಕಲ್ಲುಬಂಡೆಗಳ ಸಂದುಗಳಲ್ಲಿ ಗುಂಪುಗುಂಪಾಗಿ ಇರುತ್ತದೆ. ಚೆನ್ನಾಗಿ ನೋಡಿಕೊಂಡರೆ 10ರಿಂದ 20 ವರ್ಷ ಬದುಕುತ್ತದೆ. ಮೂರನೆಯ ತರಗತಿಯ ಮಗುವಿಗೆಂದು ತಂದ ಪ್ರಾಣಿ, ಆ ಮಗು ಓದು ಮುಗಿಸಿ ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೂ ಮನೆಯಲ್ಲಿರಬಹುದು.

ಅದರ ಹೆಸರಿಗೂ ದುರ್ಗತಿಗೂ ಕಾರಣವಾದದ್ದು ತುಪ್ಪಳ. ಮನುಷ್ಯನ ತಲೆಯಲ್ಲಿ ಒಂದು ರೋಮರಂಧ್ರದಿಂದ ಸಾಮಾನ್ಯವಾಗಿ ಒಂದೆರಡು ಕೂದಲು ಹೊರಟರೆ, ಚಿಂಚಿಲಾದ ಒಂದೇ ರಂಧ್ರದಿಂದ ಐವತ್ತಕ್ಕೂ ಹೆಚ್ಚು ನವಿರು ಎಳೆಗಳು ಹೊರಡುತ್ತವೆ. ನೆಲದ ಮೇಲೆ ಬದುಕುವ ಸಸ್ತನಿಗಳಲ್ಲಿ ಇಷ್ಟು ದಟ್ಟವಾದ ತುಪ್ಪಳ ಇರುವುದು ತೀರ ಅಪರೂಪ. ಬೆಟ್ಟದ ರಾತ್ರಿಯ ಕೊರೆಯುವ ಚಳಿಯನ್ನು ತಡೆಯಲು ಹೇಳಿ ಮಾಡಿಸಿದಂತಿರುವ ಈ ತುಪ್ಪಳವೇ, ಬಿಸಿಲಿನ ನಾಡಿಗೆ ಬಂದಾಗ ಅದರ ಪ್ರಾಣಕ್ಕೆ ಎರವಾಗುತ್ತದೆ.

ತುಪ್ಪಳದ ಬೇಟೆಯಿಂದ ಪಂಜರದವರೆಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪ್ ಮತ್ತು ಅಮೆರಿಕದ ಸಿರಿವಂತರ ಕೋಟುಗಳಿಗಾಗಿ ಚಿಂಚಿಲಾಗಳನ್ನು ಲಕ್ಷಗಟ್ಟಲೆ ಕೊಲ್ಲಲಾಯಿತು. ಪ್ರಾಣಿ ಚಿಕ್ಕದಾದ್ದರಿಂದ ಒಂದು ಉದ್ದನೆಯ ಕೋಟಿಗೆ ನೂರಕ್ಕೂ ಹೆಚ್ಚು ಚರ್ಮಗಳು ಬೇಕಾಗುತ್ತಿದ್ದವು. ಬೇಟೆಯನ್ನು ತಡೆಯಲು ಚಿಲಿ, ಬೊಲಿವಿಯಾ, ಪೆರು ಮತ್ತು ಅರ್ಜೆಂಟೀನಾ 1910ರಲ್ಲಿ ಒಪ್ಪಂದ ಮಾಡಿಕೊಂಡವು. ಆ ಹೊತ್ತಿಗೆ ಉಳಿದಿದ್ದ ಚಿಂಚಿಲಾಗಳು ಎಷ್ಟು ಕಡಿಮೆಯಾಗಿದ್ದವೆಂದರೆ, ನಿಷೇಧದಿಂದ ಚರ್ಮದ ಬೆಲೆ ಇನ್ನಷ್ಟು ಏರಿ, ಕದ್ದು ಬೇಟೆಯಾಡುವವರಿಗೆ ಆಸೆ ಹೆಚ್ಚಿತು.

ಚಿಲಿಯಲ್ಲಿದ್ದ ಅಮೆರಿಕದ ಗಣಿ ಎಂಜಿನಿಯರ್ ಮಥಾಯಸ್ ಚಾಪ್‌ಮನ್ 1923ರಲ್ಲಿ ಹತ್ತು-ಹನ್ನೆರಡು ಚಿಂಚಿಲಾಗಳನ್ನು ಜೀವಂತವಾಗಿ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದರು. ಅವನ್ನು ಬೆಟ್ಟದಿಂದ ನೇರವಾಗಿ ಕೆಳಗೆ ತರಲಿಲ್ಲ. ತಗ್ಗಿನ ಬೆಚ್ಚನೆಯ ಹವೆಗೆ ದೇಹ ಒಗ್ಗಲೆಂದು ಹಂತಹಂತವಾಗಿ ಇಳಿಸಿದರು, ಹಡಗಿನ ಪ್ರಯಾಣದಲ್ಲಿ ಪಂಜರಗಳನ್ನು ಮಂಜುಗಡ್ಡೆಯಿಂದ ತಂಪಾಗಿಟ್ಟರು. ಇಂದು ಅಮೆರಿಕದಲ್ಲಿರುವ ಸಾಕುಚಿಂಚಿಲಾಗಳ ಬಹುಪಾಲು ಆ ಕೆಲವೇ ಪ್ರಾಣಿಗಳ ಸಂತತಿ ಎನ್ನಲಾಗುತ್ತದೆ. ಅವು ಮೊದಲು ತುಪ್ಪಳದ ಫಾರ್ಮ್‌ಗಳಲ್ಲಿ ಬೆಳೆದವು; ಸಾಕುಪ್ರಾಣಿಯಾಗಿ ಅಂಗಡಿಗೆ ಬಂದದ್ದು ಆಮೇಲೆ. ಕಾಡಿನ ಚಿಂಚಿಲಾದ ಎರಡೂ ಪ್ರಭೇದಗಳು ಈಗಲೂ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಸಾಲಿನಲ್ಲಿವೆ. ಅವುಗಳಿಗೆಂದೇ ಚಿಲಿ ಸರ್ಕಾರ 1983ರಲ್ಲಿ ಇಯಾಪೆಲ್ ಪಟ್ಟಣದ ಬಳಿ ರಕ್ಷಿತಾರಣ್ಯವೊಂದನ್ನು ಸ್ಥಾಪಿಸಿತು.

ಈ ಇತಿಹಾಸ ಗೊತ್ತಿದ್ದರೆ ಕಾನೂನಿನ ಒಂದು ವಿಚಿತ್ರ ಸ್ಥಿತಿ ಅರ್ಥವಾಗುತ್ತದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಒಪ್ಪಂದ ಕಾಡಿನ ಚಿಂಚಿಲಾವನ್ನು ತನ್ನ ಅತ್ಯಂತ ಬಿಗಿಯಾದ ಒಂದನೆಯ ಅನುಬಂಧದಲ್ಲಿ ಇಟ್ಟಿದೆ, ಸಾಕುತಳಿಯನ್ನು ಮಾತ್ರ ಅದರಿಂದ ಹೊರಗಿಟ್ಟಿದೆ. ಹೀಗಾಗಿ ಒಂದೇ ಪ್ರಾಣಿ ಬೆಟ್ಟದಲ್ಲಿ ಹುಟ್ಟಿದರೆ ಮುಟ್ಟುವಂತಿಲ್ಲ, ಫಾರ್ಮ್‌ನಲ್ಲಿ ಹುಟ್ಟಿದರೆ ಮಾರಬಹುದು.

ಮನೆಯಲ್ಲಿ ಸಾಕುವುದು ಏಕೆ ಕಷ್ಟ?

ನೂರು ವರ್ಷಗಳಿಂದ ಮನುಷ್ಯರ ನಡುವೆ ಹುಟ್ಟಿ ಬೆಳೆದರೂ ಚಿಂಚಿಲಾದ ದೇಹ ಬದಲಾಗಿಲ್ಲ. ನಾಯಿ ಸಾವಿರಾರು ವರ್ಷ ನಮ್ಮೊಂದಿಗೆ ಬದುಕಿ ನಮ್ಮ ಅನ್ನ, ನಮ್ಮ ಹವೆಗೆ ಹೊಂದಿಕೊಂಡಿದೆ. ಚಿಂಚಿಲಾಕ್ಕೆ ಅಷ್ಟು ಕಾಲ ಸಿಕ್ಕಿಲ್ಲ.

ಮೊದಲನೆಯದು ಶಾಖ. ಚಿಂಚಿಲಾ ಬೆವರುವುದಿಲ್ಲ, ದೇಹದ ಬಿಸಿಯನ್ನು ಹೊರಹಾಕಲು ಅದಕ್ಕಿರುವ ಮುಖ್ಯ ದಾರಿ ರಕ್ತನಾಳಗಳಿಂದ ತುಂಬಿದ ಆ ದೊಡ್ಡ ಕಿವಿಗಳು. ಕೋಣೆಯ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಅಪಾಯದ ಅಂಚಿಗೆ ಬರುತ್ತದೆ, ಗಾಳಿಯಲ್ಲಿ ತೇವವೂ ಇದ್ದರೆ ಅಪಾಯ ಇನ್ನೂ ಬೇಗ. ಕಿವಿಗಳು ಕೆಂಪೇರಿ, ಪ್ರಾಣಿ ಪಕ್ಕಕ್ಕೆ ಒರಗಿ ವೇಗವಾಗಿ ಉಸಿರಾಡುತ್ತಿದ್ದರೆ ಅದು ಉಷ್ಣಾಘಾತದ ಲಕ್ಷಣ. ಕೆಲವೇ ಗಂಟೆಗಳಲ್ಲಿ ಸಾಯಬಹುದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲಿನ ಉಷ್ಣಾಂಶವೇ 34 ಡಿಗ್ರಿಯ ಸುತ್ತ ಇರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ 40 ದಾಟುತ್ತದೆ, ಮಂಗಳೂರಿನಲ್ಲಿ ಸೆಕೆಯ ಜೊತೆಗೆ ತೇವವೂ ಸೇರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಿಚ್ಚಲಾಗದ ಕಂಬಳಿಯೊಂದನ್ನು ಹೊದ್ದು ಕೂತವರ ಪಾಡು ಹೇಗಿರುತ್ತದೋ ಚಿಂಚಿಲಾದ ಪಾಡೂ ಹಾಗೆಯೇ. ಹವಾನಿಯಂತ್ರಕ ಇದ್ದರೆ ಸಾಲದು, ಅದು ದಿನವಿಡೀ ನಡೆಯಬೇಕು. ಮಧ್ಯಾಹ್ನ ವಿದ್ಯುತ್ ಹೋದಾಗ ಮನೆಯಲ್ಲಿ ಯಾರಾದರೂ ಇರಬೇಕು.

ಎರಡನೆಯದು ಸ್ನಾನ. ನೀರು ಸೋಕಿದರೆ ಆ ದಟ್ಟ ತುಪ್ಪಳ ಬುಡದವರೆಗೂ ಒಣಗುವುದಿಲ್ಲ, ಶಿಲೀಂಧ್ರದ ಸೋಂಕು ತಗಲುತ್ತದೆ. ಆಂಡೀಸ್‌ನಲ್ಲಿ ಅದು ಜ್ವಾಲಾಮುಖಿಯ ನುಣುಪು ಬೂದಿಯಲ್ಲಿ ಹೊರಳಿ ಮೈಯ ಎಣ್ಣೆ, ತೇವಗಳನ್ನು ತೆಗೆದುಕೊಳ್ಳುತ್ತದೆ. ಸಾಕಿದವರು ಅದಕ್ಕೆಂದೇ ಬರುವ ಪುಡಿಯನ್ನು ಅಗಲವಾದ ಪಾತ್ರೆಯಲ್ಲಿ ಹಾಕಿ ವಾರಕ್ಕೆ ಕೆಲವು ಬಾರಿ ಇಡಬೇಕು. ಸಾಮಾನ್ಯ ಮರಳು ಅಷ್ಟು ನುಣುಪಲ್ಲ, ತುಪ್ಪಳದ ಬುಡಕ್ಕೆ ಇಳಿಯುವುದಿಲ್ಲ. ಪ್ರಾಣಿ ಒಮ್ಮೆ ಪಾತ್ರೆಗೆ ಹಾರಿ ಗಿರಗಿರನೆ ಉರುಳಿದರೆ ಎದ್ದ ಧೂಳು ಇಡೀ ಕೋಣೆಯ ಮೇಲೆ ಕೂರುತ್ತದೆ. ಉಬ್ಬಸ ಇರುವವರ ಮನೆಗೆ ಇದು ಸಣ್ಣ ವಿಷಯವಲ್ಲ.

ಇನ್ನು ಹಲ್ಲು ಮತ್ತು ಹೊಟ್ಟೆ. ಅದರ ಎಲ್ಲ ಹಲ್ಲುಗಳೂ, ಒಳಗಿನ ದವಡೆ ಹಲ್ಲುಗಳೂ ಸೇರಿ, ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲನ್ನು ಸತತವಾಗಿ ಅರೆಯುತ್ತಿದ್ದರೆ ಮಾತ್ರ ಸವೆಯುತ್ತವೆ. ಮಾರಾಟಗಾರರು ಜೊತೆಗೆ ಕೊಡುವ ಬೀಜ, ಒಣಹಣ್ಣು ಬೆರೆತ ಮಿಶ್ರಣವನ್ನೇ ತಿಂದು ಬೆಳೆದ ಚಿಂಚಿಲಾಕ್ಕೆ ಹಲ್ಲು ಅಡ್ಡಾದಿಡ್ಡಿ ಬೆಳೆದು, ಬೇರುಗಳು ಕಣ್ಣಿನ ಕಡೆಗೆ ಒತ್ತಿ, ಜೊಲ್ಲು ಸುರಿದು, ಕೊನೆಗೆ ತಿನ್ನಲಾಗದೆ ಸೊರಗುವ ಸ್ಥಿತಿ ಬರುತ್ತದೆ. ಚಿಕಿತ್ಸೆ ಇನ್ನೂ ನಾಜೂಕಿನದು. ನಮಗೂ ನಾಯಿಗಳಿಗೂ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್‌ನಂಥ ಆಂಟಿಬಯೋಟಿಕ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಚಿಂಚಿಲಾದ ಕರುಳಿನಲ್ಲಿ ಹುಲ್ಲು ಜೀರ್ಣಿಸುವ ಸೂಕ್ಷ್ಮಜೀವಿಗಳು ಸತ್ತು, ಪ್ರಾಣಿಯೂ ಸಾಯಬಹುದು. ಇದು ಗೊತ್ತಿರುವ ಪಶುವೈದ್ಯರು ದೊಡ್ಡ ನಗರಗಳಲ್ಲೂ ವಿರಳ, ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದು ಕಷ್ಟ.

ಮಕ್ಕಳಿರುವ ಮನೆಯವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಹಕ್ಕಿಯೋ ನರಿಯೋ ಎರಗಿದಾಗ ತಪ್ಪಿಸಿಕೊಳ್ಳಲು ಚಿಂಚಿಲಾ ಹಿಡಿತಕ್ಕೆ ಸಿಕ್ಕ ತುಪ್ಪಳವನ್ನು ಅಲ್ಲೇ ಬಿಟ್ಟು ಜಾರಿಕೊಳ್ಳುತ್ತದೆ. ಮಗು ಪ್ರೀತಿಯಿಂದ ಗಟ್ಟಿಯಾಗಿ ಅಪ್ಪಿಕೊಂಡಾಗಲೂ ಅದರ ದೇಹ ವರ್ತಿಸುವುದು ಹೀಗೆಯೇ. ಮಗುವಿನ ಕೈಯಲ್ಲಿ ಕೂದಲ ಗೊಂಚಲು ಉಳಿಯುತ್ತದೆ, ಪ್ರಾಣಿಯ ಮೈಮೇಲೆ ಬೋಳು ಮಚ್ಚೆ ಕಾಣುತ್ತದೆ, ಅದು ಮತ್ತೆ ತುಂಬಲು ತಿಂಗಳುಗಳೇ ಬೇಕು.

ಭಾರತದ ಕಾನೂನು ಏನು ಹೇಳುತ್ತದೆ?

ಇಲ್ಲಿ ಬೇರೆ ಬೇರೆ ಕಾಯ್ದೆಗಳು ಒಟ್ಟಿಗೆ ಅನ್ವಯಿಸುತ್ತವೆ, ಅವುಗಳ ಉದ್ದೇಶವೂ ಬೇರೆ ಬೇರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಖ್ಯವಾಗಿ ನಮ್ಮ ನೆಲದ ಕಾಡುಪ್ರಾಣಿಗಳನ್ನು ಕಾಯುತ್ತದೆ. ಅಜ್ಜಿಮನೆಗಳಲ್ಲಿ ಹಿಂದೆ ಸಾಮಾನ್ಯವಾಗಿದ್ದ ಪಂಜರದ ಹಸಿರು ಗಿಳಿ ಈ ಕಾಯ್ದೆಯ ಪಟ್ಟಿಯಲ್ಲಿದೆ, ಅದನ್ನು ಹಿಡಿಯುವುದೂ ಮಾರುವುದೂ ಕೊಳ್ಳುವುದೂ ಅಪರಾಧ. ಅದೃಷ್ಟ ತರುತ್ತದೆಂದು ಗುಟ್ಟಾಗಿ ಮಾರುವ ನಕ್ಷತ್ರ ಆಮೆಯೂ ಅಷ್ಟೆ. ಅದು 2019ರಲ್ಲಿ ಸೈಟಿಸ್‌ನ ಒಂದನೆಯ ಅನುಬಂಧಕ್ಕೂ ಏರಿತು. ಹೊರದೇಶದ ಪ್ರಾಣಿಗಳ ಬಗ್ಗೆ ಈ ಕಾಯ್ದೆ ಬಹುಕಾಲ ಹೆಚ್ಚೇನೂ ಹೇಳಿರಲಿಲ್ಲ. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳನ್ನು ನಾಲ್ಕನೆಯ ಅನುಸೂಚಿಯಾಗಿ ಕಾಯ್ದೆಯೊಳಗೆ ತಂದಿತು. ಅದರ ಅಡಿಯಲ್ಲಿ 2024ರಲ್ಲಿ ಬಂದ ನಿಯಮಗಳ ಪ್ರಕಾರ, ಆ ಪಟ್ಟಿಯ ಪ್ರಾಣಿಯನ್ನು ಇಟ್ಟುಕೊಂಡವರು ಪರಿವೇಶ್ ಎಂಬ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹಾಕಿದರೆ ಅಥವಾ ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಮಕಾವ್, ಆಫ್ರಿಕದ ಬೂದು ಗಿಳಿ, ಬಾಲ್ ಪೈಥಾನ್, ಇಗುವಾನಗಳನ್ನು ಸಾಕಿದವರಿಗೆ ಇದು ಅನ್ವಯಿಸುತ್ತದೆ. ಸಾಕುತಳಿಯ ಚಿಂಚಿಲಾವನ್ನು ಸೈಟಿಸ್ ಪಟ್ಟಿಯೇ ಹೊರಗಿಟ್ಟಿರುವುದರಿಂದ, ಅದು ಸಾಕುತಳಿಯದೇ ಹೌದು ಮತ್ತು ಯಾರ ಬಳಿ ಹುಟ್ಟಿತು ಎಂಬುದಕ್ಕೆ ದಾಖಲೆ ಕೇಳಿ ಪಡೆಯುವುದು ಕೊಳ್ಳುವವರಿಗೆ ಮುಖ್ಯವಾಗುತ್ತದೆ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕಾಡು, ಸಾಕು ಎಂಬ ಭೇದವಿಲ್ಲದೆ ಎಲ್ಲ ಪ್ರಾಣಿಗಳ ನೋವಿನ ಬಗ್ಗೆ ಮಾತಾಡುತ್ತದೆ. ಇದರ ಅಡಿಯಲ್ಲಿ 2018ರಲ್ಲಿ ಪೆಟ್ ಶಾಪ್ ನಿಯಮಗಳು ಬಂದವು. ಅಂಗಡಿ ನಡೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಆ ಪ್ರಮಾಣಪತ್ರ ಐದು ವರ್ಷಕ್ಕೆ ಮಾತ್ರ. ಪ್ರತಿ ಪ್ರಾಣಿ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬ ಲೆಕ್ಕ ಇಡಬೇಕು. ಎಂಟು ವಾರ ತುಂಬದ ನಾಯಿಮರಿ, ಬೆಕ್ಕಿನ ಮರಿಗಳನ್ನು ಮಾರುವಂತಿಲ್ಲ. ಹದಿನೆಂಟು ವರ್ಷ ತುಂಬದವರಿಗೆ ಯಾವ ಪ್ರಾಣಿಯನ್ನೂ ಮಾರುವಂತಿಲ್ಲ. ಈ ನಿಯಮಗಳು ಸಾಕುಪ್ರಾಣಿ ಎಂದರೆ ಯಾವುದೆಂದು ಹೇಳುವಾಗ ನಾಯಿ, ಬೆಕ್ಕು, ಮೊಲ, ಗಿನಿ ಹಂದಿ, ಹ್ಯಾಮ್‌ಸ್ಟರ್, ಇಲಿಗಳು ಮತ್ತು ಪಂಜರದ ಹಕ್ಕಿಗಳನ್ನು ಹೆಸರಿಸಿ, ಬೇರೆ ಯಾವ ಕಾನೂನೂ ನಿಷೇಧಿಸದ ಇತರ ಪ್ರಾಣಿಗಳನ್ನೂ ಸೇರಿಸುತ್ತವೆ. ಚಿಂಚಿಲಾ ಒಳಗೆ ಬರುವುದು ಈ ಕೊನೆಯ ಬಾಗಿಲಿನಿಂದ. ಬೇರೆಡೆ ನಿಷೇಧವಿಲ್ಲ, ಆದ್ದರಿಂದ ಇಲ್ಲಿ ಮಾರಬಹುದು. ನಮ್ಮ ಹವೆಯಲ್ಲಿ ಅದು ಬದುಕಬಲ್ಲದೇ ಎಂದು ಮೊದಲೇ ಪರೀಕ್ಷಿಸುವ ಹಂತವೇ ಈ ದಾರಿಯಲ್ಲಿ ಎಲ್ಲಿಯೂ ಇಲ್ಲ.

ಶಿಕ್ಷೆಯ ಪ್ರಮಾಣದಲ್ಲಿನ ವ್ಯತ್ಯಾಸವನ್ನೂ ಗಮನಿಸಬೇಕು. ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯ ಪ್ರಾಣಿಗಳ ಬೇಟೆ, ವ್ಯಾಪಾರಗಳಿಗೆ ಮೂರರಿಂದ ಏಳು ವರ್ಷ ಜೈಲು ಆಗಬಹುದು. ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್‌ನಲ್ಲಿ ಪ್ರಾಣಿಯನ್ನು ಇಕ್ಕಟ್ಟಿನ ಪಂಜರದಲ್ಲಿಟ್ಟು ಹಿಂಸಿಸಿದ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ದಶಕಗಳ ಹಿಂದೆ ಬರೆದ ಮೊತ್ತ ಹಾಗೆಯೇ ಉಳಿದಿದೆ. ಅದನ್ನು ಹೆಚ್ಚಿಸುವ ಕರಡು ತಿದ್ದುಪಡಿಯನ್ನು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿತ್ತು.

ಪ್ರಾಣಿ ಎಲ್ಲಿಂದ ಬರುತ್ತದೆ?

ಮಾರಾಟಕ್ಕಿರುವ ಪ್ರಾಣಿಯ ಹಿಂದೆ ಒಬ್ಬ ತಳಿಗಾರನೋ, ಆಮದುದಾರನೋ, ಕಳ್ಳಸಾಗಣೆದಾರನೋ ಇರುತ್ತಾನೆ. ವಿದೇಶದಿಂದ ಜೀವಂತ ಪ್ರಾಣಿ ತರಲು ಸರ್ಕಾರದ ಅನುಮತಿ, ಆರೋಗ್ಯ ಪ್ರಮಾಣಪತ್ರ ಮತ್ತು ಕ್ವಾರಂಟೈನ್ ತಪಾಸಣೆ ಬೇಕು. ಈ ದಾರಿ ದುಬಾರಿಯಾದ್ದರಿಂದ ಸೂಟ್‌ಕೇಸಿನ ದಾರಿ ಹಿಡಿಯುವವರಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ವಿಮಾನದ ಲಗೇಜಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಮತ್ತು ಆರು ಕಪುಚಿನ್ ಕೋತಿಗಳು ಸಿಕ್ಕವು. ಹಾವುಗಳಿಗೆ ಜೀವವಿತ್ತು, ಆರು ಕೋತಿಗಳೂ ಸತ್ತಿದ್ದವು. ಅದರ ಹಿಂದಿನ ತಿಂಗಳಷ್ಟೇ ಅದೇ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದಲೇ ಬಂದ ಪ್ರಯಾಣಿಕನ ಲಗೇಜಿನಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು, ಅವುಗಳಲ್ಲಿ ಒಂದು ಕಾಂಗರೂ ಮರಿ. ಇಂಥ ಪ್ರಾಣಿಗಳನ್ನು ತರಿಸುವುದು ಕೊಳ್ಳುವವರು ಇದ್ದಾರೆಂಬ ನಂಬಿಕೆಯಿಂದಲೇ.

ಕಾನೂನುಬದ್ಧವಾಗಿ ಇಲ್ಲಿಯೇ ತಳಿ ಬೆಳೆಸಿದರೂ ಸಮಸ್ಯೆ ಮುಗಿಯುವುದಿಲ್ಲ. ಚಿಂಚಿಲಾದ ಗರ್ಭಾವಧಿ ಸುಮಾರು 111 ದಿನ, ಒಂದು ಸೂಲಿಗೆ ಸಾಮಾನ್ಯವಾಗಿ ಎರಡೇ ಮರಿ. ಬೇಗ ಲಾಭ ಬೇಕೆಂದರೆ ತಾಯಿಗೆ ಬಿಡುವೇ ಕೊಡದೆ ಮರಿ ಹಾಕಿಸಬೇಕಾಗುತ್ತದೆ. ಬಿಳಿ ಅಥವಾ ಕಪ್ಪು ವೆಲ್ವೆಟ್ ಬಣ್ಣದ ಮರಿಗೆ ಹೆಚ್ಚು ಬೆಲೆ ಎಂದು ಅದೇ ಬಣ್ಣದ ಎರಡನ್ನು ಕೂಡಿಸಿದರೆ, ಆ ಬಣ್ಣದ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದ ಭ್ರೂಣ ಉಳಿಯುವುದಿಲ್ಲ. ನಾಯಿಗಳ ವಿಷಯದಲ್ಲಿ ಇಂಥ ದುರಾಸೆಗೆ ಕಡಿವಾಣ ಹಾಕಲು 2017ರ ನಾಯಿ ತಳಿ ಸಂವರ್ಧನೆ ನಿಯಮಗಳಿವೆ: 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು, ಜೀವನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಬೇಡ ಎಂಬಂಥವು. ಚಿಂಚಿಲಾಕ್ಕೆ ಇಂಥ ಪ್ರತ್ಯೇಕ ನಿಯಮ ನಮ್ಮಲ್ಲಿಲ್ಲ.

ಬೇರೆ ದೇಶಗಳು ಕಂಡುಕೊಂಡ ದಾರಿಗಳು

ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಆರು ತಿಂಗಳೊಳಗಿನ ನಾಯಿಮರಿ, ಬೆಕ್ಕಿನ ಮರಿಗಳನ್ನು ಅಂಗಡಿ ಅಥವಾ ದಲ್ಲಾಳಿ ಮಾರುವಂತಿಲ್ಲ. ತಳಿಗಾರರಿಂದ ನೇರವಾಗಿ ಕೊಳ್ಳಬೇಕು, ಇಲ್ಲವೇ ಆಶ್ರಯ ಕೇಂದ್ರದಿಂದ ಪಡೆಯಬೇಕು. ಮರಿ ಹಾಕುವ ಯಂತ್ರದಂತೆ ಬಳಸಲ್ಪಟ್ಟ ಲೂಸಿ ಎಂಬ ನಾಯಿಯ ಹೆಸರೇ ಆ ಕಾನೂನಿಗೆ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ತಳಿಗಾರರಿಂದ ತಂದ ನಾಯಿ, ಬೆಕ್ಕು, ಮೊಲಗಳನ್ನು ಪೆಟ್ ಶಾಪ್‌ಗಳು ಮಾರುವಂತಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಡಿಸೆಂಬರ್‌ನಿಂದ ಈ ಮೂರೂ ಪ್ರಾಣಿಗಳ ಅಂಗಡಿ ಮಾರಾಟಕ್ಕೆ ನಿಷೇಧವಿದೆ. ಫ್ರಾನ್ಸ್ 2024ರ ಜನವರಿಯಿಂದ ಅಂಗಡಿಗಳಲ್ಲಿ ನಾಯಿ, ಬೆಕ್ಕುಗಳ ಮಾರಾಟವನ್ನು ನಿಲ್ಲಿಸಿತು.

ಈ ಎಲ್ಲ ಕಾನೂನುಗಳಲ್ಲಿ ಹೆಸರು ಇರುವುದು ಜನರಿಗೆ ಹತ್ತಿರವಾದ, ಆಶ್ರಯ ಕೇಂದ್ರಗಳಲ್ಲಿ ಕಣ್ಣಿಗೆ ಕಾಣುವಷ್ಟು ಸಂಖ್ಯೆಯಲ್ಲಿ ತುಂಬಿಕೊಂಡ ಪ್ರಾಣಿಗಳದ್ದು. ಚಿಂಚಿಲಾ, ಹ್ಯಾಮ್‌ಸ್ಟರ್, ಗಿನಿ ಹಂದಿಗಳು ಇವುಗಳಲ್ಲಿ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ರಾಣಿ ಕಲ್ಯಾಣ ಆಯೋಗ 2010-11ರಲ್ಲಿ ಸಣ್ಣ ಪ್ರಾಣಿಗಳನ್ನೂ ಸೇರಿಸಿ ಮಾರಾಟ ನಿಷೇಧಿಸುವ ಪ್ರಸ್ತಾವವನ್ನು ಚರ್ಚಿಸಿತ್ತು. ಗಳಿಗೆಯ ಆಸೆಗೆ ಹ್ಯಾಮ್‌ಸ್ಟರ್ ಕೊಂಡು ಆಮೇಲೆ ತಂದೊಪ್ಪಿಸುವವರ ಸಮಸ್ಯೆಯೇ ಆ ಚರ್ಚೆಗೆ ಮೂಲ.

ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ಹಿಡಿದ ದಾರಿ ಬೇರೆ. ಯಾವ ಪ್ರಾಣಿ ಬೇಡ ಎಂದು ಪಟ್ಟಿ ಮಾಡುವ ಬದಲು, ಮನೆಯಲ್ಲಿ ಸಾಕಬಹುದಾದ ಸಸ್ತನಿಗಳು ಯಾವುವು ಎಂದು ಪಟ್ಟಿ ಮಾಡಿ, ಅದರಲ್ಲಿ ಇಲ್ಲದ್ದನ್ನು ಸಾಕುವಂತಿಲ್ಲ ಎಂದವು. ನೆದರ್‌ಲ್ಯಾಂಡ್ಸ್‌ನ ಪಟ್ಟಿ 2024ರ ಜುಲೈನಲ್ಲಿ ಜಾರಿಗೆ ಬಂತು. ಇಲ್ಲಿ ಪ್ರಾಣಿ ಮನೆಯಲ್ಲಿ ಚೆನ್ನಾಗಿ ಬದುಕಬಲ್ಲದೆಂದು ಮೊದಲು ತೋರಿಸಬೇಕು, ಮಾರಾಟ ಆಮೇಲೆ. ನಮ್ಮ ನಿಯಮದಲ್ಲಿ ಇದು ತಲೆಕೆಳಗಾಗಿದೆ.

ನಿಷೇಧ ಬೇಕೆನ್ನುವವರು, ಬೇಡವೆನ್ನುವವರು

ನಿಷೇಧ ಬೇಡವೆನ್ನುವವರ ವಾದದಲ್ಲಿ ಹುರುಳಿದೆ. ನೋಂದಾಯಿತ ಅಂಗಡಿಗೆ ವಿಳಾಸವಿದೆ, ದಾಖಲೆ ಪುಸ್ತಕವಿದೆ, ಅಧಿಕಾರಿ ಹೋಗಿ ನೋಡಬಹುದು. ಅದನ್ನು ಮುಚ್ಚಿದರೆ ವ್ಯಾಪಾರ ವಾಟ್ಸ್‌ಆ್ಯಪ್ ಗುಂಪುಗಳಿಗೂ ಇನ್‌ಸ್ಟಾಗ್ರಾಂ ಖಾತೆಗಳಿಗೂ ಜಾರುತ್ತದೆ, ಅಲ್ಲಿ ಮಾರುವವನ ಮುಖವೂ ಗೊತ್ತಿರುವುದಿಲ್ಲ. ಇದೇ ಅಂಗಡಿಗಳನ್ನು ನಂಬಿದ ಕುಟುಂಬಗಳಿವೆ. ಜವಾಬ್ದಾರಿಯಿಂದ ಚಿಂಚಿಲಾ ಸಾಕಿದವರೂ ಇದ್ದಾರೆ.

ನಿಷೇಧ ಬೇಕೆನ್ನುವವರು ಬೊಟ್ಟು ಮಾಡುವುದು ಅಂಗಡಿಯ ಸ್ವಭಾವಕ್ಕೆ. ಗಾಜಿನ ಹಿಂದೆ ಮರಿ ಕಂಡ ಹತ್ತು ನಿಮಿಷದಲ್ಲಿ ಅದನ್ನು ಮನೆಗೆ ಒಯ್ಯಬಹುದಾದ ವ್ಯವಸ್ಥೆಯಲ್ಲಿ, ಹದಿನೈದು ವರ್ಷದ ಹೊಣೆಯ ಬಗ್ಗೆ ಯೋಚಿಸಲು ಕೊಳ್ಳುವವರಿಗೆ ವೇಳೆಯೇ ಇರುವುದಿಲ್ಲ. ಹಗಲು ನಿದ್ದೆ ಮಾಡುವ ಪ್ರಾಣಿ ಹಗಲೆಲ್ಲ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ನಾಯಿಗಳ ಬೊಗಳಾಟದ ಪಕ್ಕದಲ್ಲಿ ಕೂತಿರಬೇಕಾಗುತ್ತದೆ. ಆರೋಗ್ಯದ ಕಾರಣಕ್ಕೆ ಮಾರಾಟ ನಿಲ್ಲಿಸಿದ ಉದಾಹರಣೆಯೂ ಇದೆ: ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡುತ್ತಿದ್ದುದರಿಂದ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಪರಿಸರದ ಕಾರಣವೂ ಉಂಟು. ಅಕ್ವೇರಿಯಂಗೆಂದು ಬಂದ ಕೆಂಪು ಕಿವಿಯ ಅಮೆರಿಕದ ಆಮೆಗಳು ದೊಡ್ಡದಾದ ಮೇಲೆ ನಮ್ಮ ಕೆರೆಗಳ ಪಾಲಾಗಿ, ಸ್ಥಳೀಯ ಆಮೆಗಳ ಆಹಾರಕ್ಕೆ ಪೈಪೋಟಿ ನೀಡುತ್ತಿವೆ.

ನನಗೆ ಕಾಣುವಂತೆ, ಅಂಗಡಿ ಇರಬೇಕೇ ಬೇಡವೇ ಎಂಬುದಕ್ಕಿಂತ ಪ್ರಭೇದವಾರು ನಿರ್ಧಾರಕ್ಕೆ ಹೆಚ್ಚು ತೂಕವಿದೆ. ಗಿನಿ ಹಂದಿಯನ್ನೂ ಚಿಂಚಿಲಾವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮ ಯಾವುದಕ್ಕೂ ನ್ಯಾಯ ಮಾಡುವುದಿಲ್ಲ. 2014ರ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ‘ಪಂಚ ಸ್ವಾತಂತ್ರ್ಯ’ಗಳನ್ನು ಎತ್ತಿ ಹೇಳಿತ್ತು: ಹಸಿವು ಬಾಯಾರಿಕೆಯಿಂದ, ಭಯ ಸಂಕಟದಿಂದ, ದೈಹಿಕ ಅನಾನುಕೂಲದಿಂದ, ನೋವು ರೋಗದಿಂದ ಮುಕ್ತಿ, ಜೊತೆಗೆ ಸಹಜ ವರ್ತನೆಗೆ ಅವಕಾಶ. ಒಂದು ಪ್ರಾಣಿಯನ್ನು ಸಾಮಾನ್ಯ ಕುಟುಂಬವೊಂದು ಈ ಐದರೊಂದಿಗೆ ಸಾಕಬಲ್ಲುದೇ ಎಂದು ಪರವಾನಗಿಗೆ ಮೊದಲೇ ಕೇಳಿದರೆ, ನಮ್ಮ ಬಹುಪಾಲು ಊರುಗಳಲ್ಲಿ ಚಿಂಚಿಲಾ ಆ ಪರೀಕ್ಷೆ ದಾಟುವುದು ಕಷ್ಟ.

ಕೊಳ್ಳುವ ಮೊದಲು, ಕೊಂಡ ಮೇಲೆ

ಅಂಗಡಿಗೆ ಹೋದವರು ನೋಂದಣಿ ಪ್ರಮಾಣಪತ್ರವನ್ನು ತೋರಿಸುವಂತೆ ಕೇಳಬಹುದು. ಪ್ರಾಣಿ ಯಾರ ಬಳಿ ಹುಟ್ಟಿದ್ದು, ವಯಸ್ಸೆಷ್ಟು, ಯಾವ ಪಶುವೈದ್ಯರು ನೋಡಿದ್ದಾರೆ ಎಂಬುದನ್ನು ರಸೀದಿಯ ಜೊತೆಗೆ ಬರವಣಿಗೆಯಲ್ಲಿ ಪಡೆಯಬೇಕು. ಪಂಜರದಲ್ಲಿ ಒಣಹುಲ್ಲು ಇದೆಯೇ, ಪ್ರಾಣಿಯ ಗಲ್ಲ ಜೊಲ್ಲಿನಿಂದ ಒದ್ದೆಯಾಗಿದೆಯೇ, ಕಣ್ಣಿನಿಂದ ನೀರು ಸೋರುತ್ತಿದೆಯೇ, ಮೂಗಿನ ಸುತ್ತ ಬೋಳು ಮಚ್ಚೆಗಳಿವೆಯೇ ಎಂದು ನೋಡಬೇಕು. ಮಚ್ಚೆಗಳು ಮನುಷ್ಯರಿಗೂ ಅಂಟುವ ಹುಳುಕಡ್ಡಿಯದ್ದಾಗಿರಬಹುದು. ಊರಿನಲ್ಲಿ ಚಿಂಚಿಲಾ ನೋಡಬಲ್ಲ ವೈದ್ಯರು ಯಾರೆಂದು ಹಣ ಕೊಡುವ ಮೊದಲೇ ತಿಳಿದಿರಬೇಕು.

ನೋಂದಣಿಯಿಲ್ಲದ ಅಂಗಡಿ ಅಥವಾ ಹಿಂಸೆ ಕಂಡರೆ ಜಿಲ್ಲಾ ಪ್ರಾಣಿದಯಾ ಸಂಘಕ್ಕೆ ಇಲ್ಲವೇ ಪಶುಪಾಲನಾ ಇಲಾಖೆಗೆ, ಗಿಳಿ, ನಕ್ಷತ್ರ ಆಮೆಯಂಥ ನಮ್ಮ ವನ್ಯಜೀವಿ ಮಾರಾಟಕ್ಕೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬಹುದು. ಈಗಾಗಲೇ ಚಿಂಚಿಲಾ ಸಾಕಿದ್ದು ಮುಂದುವರಿಸಲು ಆಗದವರು ಅದನ್ನು ತೋಟದಲ್ಲೋ ಕಾಡಂಚಿನಲ್ಲೋ ಬಿಡಬಾರದು. ನಮ್ಮ ಬಿಸಿಲಿನಲ್ಲಿ ಅದು ಉಳಿಯುವುದಿಲ್ಲ, ಬಿಟ್ಟುಹೋಗುವುದೂ 1960ರ ಕಾಯ್ದೆಯಡಿ ಅಪರಾಧ. ಈಗಾಗಲೇ ಚಿಂಚಿಲಾ ಇರುವ ಅನುಭವಿಗಳಿಗೆ ಕೊಡುವುದು ಒಳ್ಳೆಯದು. ಹೀಗೆ ಕೊಡುವಾಗ ಎರಡು ಪ್ರಾಣಿಗಳನ್ನು ತಕ್ಷಣ ಒಂದೇ ಪಂಜರಕ್ಕೆ ಹಾಕದೆ, ಕೆಲವು ವಾರ ಅಕ್ಕಪಕ್ಕದ ಪಂಜರಗಳಲ್ಲಿಟ್ಟು ವಾಸನೆಯ ಪರಿಚಯ ಮಾಡಿಸಬೇಕು. ಅಪರಿಚಿತ ಚಿಂಚಿಲಾಗಳು ಒಂದನ್ನೊಂದು ಕಚ್ಚಿ ಕೊಲ್ಲುವಷ್ಟು ಜಗಳವಾಡಬಲ್ಲವು.